ಕಾಂದೊಂಬ್ಲೆಯ ಅಂಗಳದಲ್ಲಿ ಪರದೇಶದ ಅತಿಥಿ

ಕಾಂದೊಂಬ್ಲೆ ಬ್ರೆಜಿಲಿನ ಈಶಾನ್ಯ ಕರಾವಳಿಯ ಬಾಹಿಯಾ ರಾಜ್ಯದಲ್ಲಿ ರೂಪುಗೊಂಡ ಧರ್ಮ. ಗುಲಾಮರಾಗಿ ಹಡಗಿನಲ್ಲಿ ಬಂದಿಳಿದ ಆಫ್ರಿಕನ್ನರು ತಮ್ಮ ದೇವತೆಗಳನ್ನು ಕೈಬಿಡದೆ ಹೊಸ ನೆಲದಲ್ಲಿ ನೆಲೆಗೊಳಿಸಿದ ಬಗೆ ಅದು. ಬಾಹಿಯಾದ ರಾಜಧಾನಿ ಸಾಲ್ವಡಾರಿನಲ್ಲಿ ಇದರ ನೂರಾರು ಆರಾಧನಾ ಮನೆಗಳಿವೆ. ಅವುಗಳನ್ನು ತೆರೇರೊ ಎನ್ನುತ್ತಾರೆ. ಹಬ್ಬದ ರಾತ್ರಿ ತೆರೇರೊದ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಭಾಷೆ ತಿಳಿಯದ ಪರದೇಶಿಯೂ ಒಳಗೆ ಬಂದು ಕೂರಬಹುದು, ಕೊನೆಗೆ ಊಟ ಮಾಡಿ ಹೋಗಬಹುದು. ಆದರೆ ಅದೇ ಅಂಗಳದಲ್ಲಿ ಹೊರಗಿನವರಾರೂ ಕಾಲಿಡಬಾರದ ಕೋಣೆಗಳೂ ಇವೆ. ಪೂರ್ವಜರ ನೆನಪಿನ ಮೇಲೆ ನಿಂತ ಧರ್ಮವು ಆ ಪೂರ್ವಜರಿಗೆ ಏನೂ ಅಲ್ಲದವನನ್ನು ಎಷ್ಟರ ಮಟ್ಟಿಗೆ ತನ್ನವನೆಂದು ಒಪ್ಪಬಹುದು? ಬಂದವರನ್ನೆಲ್ಲ ಬರಮಾಡಿಕೊಂಡೂ ತನ್ನತನವನ್ನು ಕಾಯ್ದುಕೊಳ್ಳಬಹುದೇ? ಬಾಹಿಯಾದ ತೆರೇರೊಗಳು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಪ್ರಶ್ನೆಗಳಿಗೆ ತಮ್ಮ ನಡೆಯಿಂದಲೇ ಉತ್ತರ ಕೊಡುತ್ತ ಬಂದಿವೆ.

ಅಪರಿಚಿತರು ಕಟ್ಟಿಕೊಂಡ ಕುಟುಂಬ

ಸಾಲ್ವಡಾರ್ ನಗರ 1549ರಲ್ಲಿ ಸ್ಥಾಪನೆಯಾಗಿ 1763ರವರೆಗೆ ಪೋರ್ಚುಗೀಸ್ ಬ್ರೆಜಿಲಿನ ರಾಜಧಾನಿಯಾಗಿತ್ತು. ಗುಲಾಮ ವ್ಯಾಪಾರದ ಶತಮಾನಗಳಲ್ಲಿ ಬ್ರೆಜಿಲಿನ ಬಂದರುಗಳಿಗೆ ಸುಮಾರು 48 ಲಕ್ಷ ಆಫ್ರಿಕನ್ನರನ್ನು ತಂದಿಳಿಸಲಾಯಿತು. ಅವರಲ್ಲಿ ಬಹುದೊಡ್ಡ ಪಾಲು ಬಾಹಿಯಾಕ್ಕೆ ಬಂತು. ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1888ರ ಮೇ 13ರಂದು. ಹಡಗಿನಲ್ಲಿ ಬಂದವರು ಒಂದೇ ಜನಾಂಗದವರಲ್ಲ. ಯೊರುಬಾ, ಫೊನ್ ಮತ್ತು ಬಾಂಟು ಭಾಷೆಗಳ ಬೇರೆ ಬೇರೆ ನಾಡುಗಳವರು ಅವರಲ್ಲಿದ್ದರು. ಗಂಡ ಒಂದು ತೋಟಕ್ಕೆ, ಹೆಂಡತಿ ಇನ್ನೊಂದಕ್ಕೆ, ಮಕ್ಕಳು ಮತ್ತೆಲ್ಲಿಗೋ ಮಾರಾಟವಾಗಿದ್ದರು. ಕುಲ, ಊರು, ಮನೆತನ ಯಾವುದೂ ಉಳಿದಿರಲಿಲ್ಲ.

ಆಫ್ರಿಕದಲ್ಲಿ ಒಂದೊಂದು ದೇವತೆಗೆ ಒಂದೊಂದು ಊರು, ಒಂದೊಂದು ವಂಶ ಎಂಬ ಕಟ್ಟು ಹೆಚ್ಚಾಗಿತ್ತು. ಬಾಹಿಯಾದಲ್ಲಿ ಆ ವಂಶಗಳೇ ಚೂರಾಗಿದ್ದರಿಂದ ಎಲ್ಲ ದೇವತೆಗಳೂ ಒಂದೇ ಅಂಗಳದಲ್ಲಿ ಸೇರಬೇಕಾಯಿತು. ಗುಡುಗಿನ ಶಾಂಗೊ, ಕಬ್ಬಿಣದ ಒಗುಂ, ಬಿರುಗಾಳಿಯ ಇಯಾನ್ಸಾ, ಸಮುದ್ರದ ಇಯೆಮಾಂಜಾ, ಬಿಳಿಯುಡುಗೆಯ ಹಿರಿಯ ಓಶಾಲಾ, ಹೀಗೆ ಒರಿಷಾಗಳೆಂಬ ಈ ದೇವತೆಗಳೆಲ್ಲ ಒಂದೇ ಮನೆಯಲ್ಲಿ ಪೂಜೆಗೊಳ್ಳತೊಡಗಿದರು. ರಕ್ತಸಂಬಂಧ ಹರಿದುಹೋದ ಜನ ದೀಕ್ಷೆಯ ಮೂಲಕ ಹೊಸ ನಂಟು ಕಟ್ಟಿಕೊಂಡರು. ತೆರೇರೊದ ಮುಖ್ಯಸ್ಥೆಯನ್ನು ಇಯಾಲೊರಿಷಾ ಎನ್ನುತ್ತಾರೆ, ಎಲ್ಲರೂ ಅವರನ್ನು ತಾಯಿ ಎಂದೇ ಕರೆಯುತ್ತಾರೆ. ದೀಕ್ಷೆ ಪಡೆದವರು ದೇವರ ಮಕ್ಕಳು. ಒಟ್ಟಿಗೆ ದೀಕ್ಷೆಗೆ ಕೂತವರು ಒಡಹುಟ್ಟಿದವರಿಗೆ ಸಮ.

ಕಾಂದೊಂಬ್ಲೆಯ ಮೊದಲ ಮನೆಗಳು ಹೀಗೆ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದವರೇ ಕಟ್ಟಿಕೊಂಡ ಮನೆಗಳು. ಹೊರಗಿನವನು ಒಳಗಿನವನಾಗುವ ದಾರಿ ಅಲ್ಲಿ ಆಮೇಲೆ ಸೇರಿಸಿದ ರಿಯಾಯಿತಿಯಲ್ಲ. ಆ ದಾರಿಯಿಂದಲೇ ಧರ್ಮ ಹುಟ್ಟಿತು. ಪರದೇಶದ ಅತಿಥಿಯನ್ನು ತೆರೇರೊ ನಡೆಸಿಕೊಳ್ಳುವ ರೀತಿಗೆ ಅಡಿಪಾಯ ಇದೇ.

ಹೊಸ್ತಿಲಿನ ನೇಮ

ತೆರೇರೊದ ಪ್ರವೇಶದ ಬಳಿ ಎಶುವಿನ ನೆಲೆ ಇರುತ್ತದೆ. ಎಶು ದಾರಿಗಳ, ಕೂಡುರಸ್ತೆಗಳ, ಹೊಸ್ತಿಲುಗಳ ಒಡೆಯ. ಮನುಷ್ಯರ ಮಾತನ್ನು ಒರಿಷಾಗಳಿಗೆ ಮುಟ್ಟಿಸುವವನೂ ಅವನೇ. ಯಾವ ಆರಾಧನೆಯಾದರೂ ಮೊದಲ ಎಡೆ ಅವನಿಗೆ. ಪಾದ್ರಿಗಳು ಅವನನ್ನು ಸೈತಾನನೆಂದು ಬಣ್ಣಿಸಿದ್ದುಂಟು, ಆದರೆ ಕಾಂದೊಂಬ್ಲೆಯ ತಿಳಿವಳಿಕೆಯಲ್ಲಿ ಅವನಿಲ್ಲದೆ ಯಾವ ಭೇಟಿಯೂ ಕೂಡಿಬರದು. ಬಾಗಿಲನ್ನೇ ಒಬ್ಬ ದೇವತೆಗೆ ಒಪ್ಪಿಸಿದ ಧರ್ಮದಲ್ಲಿ ಅತಿಥಿ ಒಳಗೆ ಬರುವುದೂ ಪೂಜೆಯ ಒಂದು ಅಂಗವಾಗುತ್ತದೆ.

ಬೀದಿಯಿಂದ ಬಂದವರು ಬೀದಿಯ ಬಿಸಿಯನ್ನೂ ತರುತ್ತಾರೆ ಎಂಬುದು ತೆರೇರೊದ ನಂಬಿಕೆ. ಅದಕ್ಕಾಗಿ ಸಣ್ಣ ಮಣ್ಣಿನ ಗಡಿಗೆಯಿಂದ ಹೊಸ್ತಿಲ ಹೊರಗೆ ನೀರು ಚೆಲ್ಲಿ ದಾರಿಯನ್ನು ತಣಿಸುತ್ತಾರೆ. ಮನೆಗೆ ಸೇರಿದವರಾದರೆ ಬಂದ ಕೂಡಲೇ ಕೆಲಸಕ್ಕೆ ಕೈಹಾಕುವಂತಿಲ್ಲ. ಸ್ವಲ್ಪ ಹೊತ್ತು ಕೂತು ಮೈ ತಂಪು ಮಾಡಿಕೊಂಡು, ಮಿಂದು, ಬಿಳಿ ಬಟ್ಟೆ ತೊಟ್ಟ ಮೇಲೆಯೇ ಹಿರಿಯರಿಗೆ ನಮಸ್ಕಾರ. ನೋಡಲು ಬಂದ ಅತಿಥಿಗೆ ಇಷ್ಟೆಲ್ಲ ಕಟ್ಟುಪಾಡಿಲ್ಲ. ತಿಳಿಬಣ್ಣದ, ಮೈಮುಚ್ಚುವ ಬಟ್ಟೆ ಇರಬೇಕು. ಕಪ್ಪು ಬಣ್ಣ ಸಲ್ಲದು. ಅನೇಕ ಮನೆಗಳಲ್ಲಿ ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಕೂರುತ್ತಾರೆ. ಕ್ಯಾಮೆರಾ, ಮೊಬೈಲು ಚೀಲದಲ್ಲೇ ಇರಬೇಕು.

ನಡುಮನೆಯಲ್ಲಿ ಮೂರು ನಗಾರಿಗಳು ಮೊಳಗಿದಂತೆ ದೇವರ ಮಕ್ಕಳು ವೃತ್ತವಾಗಿ ಕುಣಿಯುತ್ತಾರೆ. ಒಂದೊಂದು ಒರಿಷಾಗೂ ಅದರದೇ ತಾಳ, ಅದರದೇ ಹಾಡು. ರಾತ್ರಿ ಏರಿದಂತೆ ಒಬ್ಬೊಬ್ಬರ ಮೈಮೇಲೆ ಒರಿಷಾ ಬರುತ್ತದೆ. ಮೈದುಂಬಿದವರ ಬೆವರು ಒರೆಸಿ, ಬೀಳದಂತೆ ಹಿಡಿದು, ಒಳಗೆ ಕರೆದೊಯ್ದು ದೇವತೆಯ ಉಡುಗೆ ತೊಡಿಸುವ ಹೊಣೆ ಎಕೇದಿಯರದು. ಎಕೇದಿಯರ ಮೈಮೇಲೆ ದೇವರು ಬರುವುದಿಲ್ಲ, ಕಾಯುವುದೇ ಅವರ ಸೇವೆ. ಅಲಂಕಾರ ತೊಟ್ಟ ಒರಿಷಾ ಮತ್ತೆ ನಡುಮನೆಗೆ ಬಂದಾಗ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ಆಗ ಪರದೇಶದ ಪ್ರವಾಸಿಗೂ ಬಾಹಿಯಾದ ಬಟ್ಟೆ ಒಗೆಯುವ ಹೆಂಗಸಿಗೂ ಭೇದವಿಲ್ಲ. ಒರಿಷಾ ಬಂದು ತಬ್ಬಿಕೊಂಡರೆ ಇಬ್ಬರಿಗೂ ಅದು ಒಂದೇ ಆಶೀರ್ವಾದ.

ಆರಾಧನೆ ಮುಗಿದ ಮೇಲೆ ಊಟ. ಶಾಂಗೊವಿಗೆ ಬೆಂಡೆಕಾಯಿಯ ಅಮಲಾ, ಇಯಾನ್ಸಾಳಿಗೆ ಅಲಸಂದೆ ಹಿಟ್ಟನ್ನು ಕೆಂಪು ತಾಳೆಎಣ್ಣೆಯಲ್ಲಿ ಕರಿದ ಅಕಾರಜೆ, ಓಶಾಲಾನಿಗೆ ಉಪ್ಪು ಹಾಕದೆ ಬೇಯಿಸಿದ ಬಿಳಿ ಮೆಕ್ಕೆಜೋಳ. ದೇವರಿಗೆ ಅರ್ಪಿಸಿದ್ದರ ಜೊತೆಗೇ ಜನರಿಗೂ ಅಡುಗೆಯಾಗಿರುತ್ತದೆ. ಯಾರು, ಎಲ್ಲಿಯವರು ಎಂದು ಕೇಳದೆ ಬಂದವರಿಗೆಲ್ಲ ಬಡಿಸುತ್ತಾರೆ. ಅನ್ನದಲ್ಲಿ ಆಶೆ ಇದೆ ಎಂಬುದು ಇದರ ಹಿಂದಿನ ತತ್ತ್ವ. ಆಶೆ ಎಂದರೆ ಜಗತ್ತನ್ನು ನಡೆಸುವ ಶಕ್ತಿ. ಅದು ಹಂಚಿದರೆ ಬೆಳೆಯುತ್ತದೆ, ಕೂಡಿಟ್ಟರೆ ಬತ್ತುತ್ತದೆ. ಅತಿಥಿಗೆ ಉಣಬಡಿಸುವುದು ಈ ದೃಷ್ಟಿಯಲ್ಲಿ ಔದಾರ್ಯವಷ್ಟೇ ಅಲ್ಲ, ಮನೆಯ ಬಲ ಹೆಚ್ಚಿಸಿಕೊಳ್ಳುವ ದಾರಿಯೂ ಹೌದು.

ಮುಚ್ಚಿದ ಕೋಣೆ

ನಡುಮನೆಯಾಚೆಗೆ ಅತಿಥಿಯ ದಾರಿ ನಿಲ್ಲುತ್ತದೆ. ದೀಕ್ಷೆಗೆ ಕೂತವರು ವಾರಗಟ್ಟಲೆ ಏಕಾಂತದಲ್ಲಿರುವ ಕೋಣೆ, ಒರಿಷಾಗಳ ಮೂಲ ನೆಲೆಗಳಿರುವ ಗುಡಿಗಳು, ಸೊಪ್ಪುಗಳನ್ನು ಆಯ್ದು ಅರೆಯುವ ಜಾಗ, ಇವೆಲ್ಲ ಹೊರಗಿನವರಿಗೆ ಮುಚ್ಚಿವೆ. ಒಳಗಿನವರಿಗೂ ಎಲ್ಲವೂ ಒಮ್ಮೆಗೇ ತೆರೆಯುವುದಿಲ್ಲ. ದೀಕ್ಷೆಯಾದವರು ಒಂದು, ಮೂರು ಮತ್ತು ಏಳು ವರ್ಷಗಳ ಕರ್ಮಗಳನ್ನು ಮುಗಿಸಬೇಕು. ಏಳರ ಕರ್ಮ ಮುಗಿದ ಮೇಲೆ ಎಬೊಮಿ, ಅಂದರೆ ಹಿರಿಯ ಎನ್ನಿಸಿಕೊಳ್ಳುತ್ತಾರೆ. ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುವುದು ಇಲ್ಲಿ ಒಳ್ಳೆಯ ನಡತೆಯಲ್ಲ. ನೋಡುತ್ತ, ಕೆಲಸ ಮಾಡುತ್ತ, ಹಿರಿಯರ ಪಕ್ಕದಲ್ಲಿದ್ದು ಕಲಿಯಬೇಕು.

ಗುಟ್ಟು ಕಾಯುವ ಈ ಪದ್ಧತಿಗೆ ಚರಿತ್ರೆಯ ಕಾರಣವಿದೆ. 1890ರ ಬ್ರೆಜಿಲ್ ದಂಡಸಂಹಿತೆ ಮಾಟ, ಮಂತ್ರವಿದ್ಯೆಗಳನ್ನು ಅಪರಾಧವೆಂದು ಎಣಿಸಿ ತೆರೇರೊಗಳ ಮೇಲೆ ದಾಳಿ ಮಾಡಲು ಪೊಲೀಸರಿಗೆ ನೆಪ ಒದಗಿಸಿತು. ನಗಾರಿಗಳನ್ನು, ಪೂಜಾಸಾಮಗ್ರಿಯನ್ನು ಹೊತ್ತೊಯ್ದರು. ಆರಾಧನೆಗೆ ಪೊಲೀಸ್ ಠಾಣೆಯಲ್ಲಿ ನೋಂದಣಿ ಬೇಕೆಂಬ ಕಟ್ಟಳೆಯನ್ನು ಬಾಹಿಯಾ ಸರ್ಕಾರ ತೆಗೆದುಹಾಕಿದ್ದು 1976ರಲ್ಲಿ ಮಾತ್ರ. ಇದರಾಚೆಗೆ ತತ್ತ್ವದ ಕಾರಣವೂ ಇದೆ. ಬಾಯಿಂದ ಬಾಯಿಗೆ, ಕೈಯಿಂದ ಕೈಗೆ, ತಕ್ಕ ಸಮಯದಲ್ಲಿ ತಕ್ಕವರಿಂದ ಬಂದ ತಿಳಿವಳಿಕೆಯಲ್ಲಿ ಆಶೆ ಇರುತ್ತದೆ. ಅದೇ ಮಾತನ್ನು ಪುಸ್ತಕದಲ್ಲಿ ಓದಿ ತಿಳಿದರೆ ಮಾಹಿತಿ ಸಿಕ್ಕೀತು, ಶಕ್ತಿ ಸಿಗದು. ಹಾಗಾಗಿ ಕೋಣೆಯ ಬಾಗಿಲು ಮುಚ್ಚಿದ್ದು ಅತಿಥಿಗೆ ಅವಮಾನವಲ್ಲ. ಕಾಲ ಕೊಡದೆ ಪಡೆಯಲಾಗದ್ದು ಒಂದಿದೆ ಎಂದು ಆ ಬಾಗಿಲು ತಿಳಿಸುತ್ತದೆ.

ಚರ್ಮವಲ್ಲ, ತಲೆ

ಯಾರು ಒಳಗಿನವರಾಗಬಹುದು ಎಂಬುದನ್ನು ಇಯಾಲೊರಿಷಾ ಹದಿನಾರು ಕವಡೆಗಳನ್ನು ಎಸೆದು ಕೇಳುತ್ತಾರೆ. ಪ್ರತಿಯೊಬ್ಬ ಮನುಷ್ಯನ ತಲೆಗೂ ಒಡೆಯನಾದ ಒಂದು ಒರಿಷಾ ಇರುತ್ತದೆ ಎಂಬುದು ನಂಬಿಕೆ. ಕವಡೆಗಳು ಹೇಳುವುದು ಆ ಒರಿಷಾ ಯಾವುದೆಂದು. ಈ ನಿಯಮಕ್ಕೆ ಜನಾಂಗದ ಗಡಿ ಇಲ್ಲ. ಆಫ್ರಿಕದ ರಕ್ತ ಹನಿಯೂ ಇಲ್ಲದವನ ತಲೆಗೂ ಶಾಂಗೊ ಒಡೆಯನಾಗಿರಬಹುದು. ಹಾಗೆಯೇ ಆಫ್ರಿಕದ ವಂಶದವನೆಂಬ ಕಾರಣಕ್ಕೆ ದೀಕ್ಷೆಯ ಮೆಟ್ಟಿಲುಗಳನ್ನು ಯಾರೂ ಹಾರಿಹೋಗುವಂತಿಲ್ಲ.

ಇದಕ್ಕೆ ಹೆಸರಾಂತ ನಿದರ್ಶನ ಪಿಯೆರ್ ವೆರ್ಜೆ. 1902ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈ ಛಾಯಾಗ್ರಾಹಕ 1946ರಲ್ಲಿ ಸಾಲ್ವಡಾರಿಗೆ ಬಂದು ಅಲ್ಲೇ ನೆಲೆಯೂರಿದರು. ಇಲೆ ಆಶೆ ಒಪೊ ಅಫೊಂಜಾ ತೆರೇರೊದ ಮುಖ್ಯಸ್ಥೆ ತಾಯಿ ಸೆನ್ಯೋರಾ ಅವರು ವೆರ್ಜೆಯವರ ತಲೆಯನ್ನು ಶಾಂಗೊವಿಗೆ ಅರ್ಪಿಸಿದರು. ಮುಂದೆ ಪಶ್ಚಿಮ ಆಫ್ರಿಕದಲ್ಲಿ ವೆರ್ಜೆ ಇಫಾ ಎಂಬ ಕಣಿಶಾಸ್ತ್ರದ ದೀಕ್ಷೆ ಪಡೆದು ಫಾತುಂಬಿ ಎಂಬ ಹೆಸರು ಪಡೆದರು. ನೈಜೀರಿಯಾದ ಓಯೊ ಅರಸನು 1952ರಲ್ಲಿ ತಾಯಿ ಸೆನ್ಯೋರಾ ಅವರಿಗೆ ದಯಪಾಲಿಸಿದ ಇಯಾ ನಾಸೊ ಎಂಬ ಪದವಿಯ ಪತ್ರವನ್ನು ಬಾಹಿಯಾಕ್ಕೆ ತಂದವರೂ ವೆರ್ಜೆಯೇ. ಗುಲಾಮರ ಹಡಗು ಕಡಿದುಹಾಕಿದ್ದ ನಂಟನ್ನು ಮತ್ತೆ ಬೆಸೆಯುವ ಕೆಲಸ ಪರದೇಶದ ಅತಿಥಿಯ ಪಾಲಿಗೆ ಬಂದಿತ್ತು. ತನ್ನ ಮೈಮೇಲೆ ಒರಿಷಾ ಎಂದೂ ಬರಲಿಲ್ಲ, ತನ್ನ ಫ್ರೆಂಚ್ ಬುದ್ಧಿ ಅದಕ್ಕೆ ಅಡ್ಡ ಬಂತು ಎಂದು ವೆರ್ಜೆ ಹೇಳಿಕೊಂಡಿದ್ದರು. ಆದರೂ ಮನೆ ಅವರನ್ನು ದೂರ ಮಾಡಲಿಲ್ಲ. ದೇವರು ಮೈಮೇಲೆ ಬರುವುದು ಸೇರ್ಪಡೆಯ ಒಂದು ಬಗೆಯಷ್ಟೇ. ಅವರ ಬದುಕು, ಸೇವೆ ಇನ್ನೊಂದು ಬಗೆ. 1996ರಲ್ಲಿ ಅವರು ಸಾಲ್ವಡಾರಿನಲ್ಲೇ ತೀರಿಕೊಂಡರು.

ಅರ್ಜೆಂಟೀನಾದಲ್ಲಿ ಹುಟ್ಟಿದ ಚಿತ್ರಕಲಾವಿದ ಕಾರಿಬೆ ಇದೇ ತೆರೇರೊದಲ್ಲಿ ಶಾಂಗೊವಿನ ಹನ್ನೆರಡು ಮಂತ್ರಿಗಳಲ್ಲಿ ಒಬ್ಬರಾಗಿದ್ದರು. 1930ರ ದಶಕದಲ್ಲಿ ಈ ಮಂತ್ರಿಮಂಡಲವನ್ನು ಸ್ಥಾಪಿಸಿದವರು ತೆರೇರೊವನ್ನು 1910ರಲ್ಲಿ ಕಟ್ಟಿದ ತಾಯಿ ಅನಿನ್ಯಾ. ಕಾದಂಬರಿಕಾರ ಜಾರ್ಜ್ ಅಮಾದು ಕೂಡ ಇಂಥ ಮಂತ್ರಿಯಾಗಿದ್ದರು. ಕಾರಿಬೆ 1997ರಲ್ಲಿ ಕೊನೆಯುಸಿರೆಳೆದದ್ದೂ ಆ ತೆರೇರೊದ ಆವರಣದಲ್ಲೇ.

ಇಲ್ಲಿನ ಹಿರಿತನದ ಲೆಕ್ಕ ಹೊರಗಿನ ಸಮಾಜದ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ದೀಕ್ಷೆಯಾದ ವರ್ಷಗಳೇ ವಯಸ್ಸು. ಹೊಸದಾಗಿ ದೀಕ್ಷೆ ಪಡೆದ ಬಿಳಿಯ ಪ್ರಾಧ್ಯಾಪಕ, ಮೂವತ್ತು ವರ್ಷದ ಹಿಂದೆ ದೀಕ್ಷೆಯಾದ ಕಪ್ಪು ಅಡುಗೆಯವಳ ಮುಂದೆ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಬೇಕು. ಶತಮಾನಗಳ ಕಾಲ ಚರ್ಮದ ಬಣ್ಣವೇ ಸ್ಥಾನ ನಿರ್ಧರಿಸಿದ ದೇಶದಲ್ಲಿ ಈ ನಮಸ್ಕಾರಕ್ಕೆ ದೊಡ್ಡ ನೈತಿಕ ತೂಕವಿದೆ. ಹೊರಗಿನವನಿಗೆ ಮನೆ ತೆರೆದಿದೆ, ಆದರೆ ಹೊರಗಿನ ಹಿರಿಮೆಯನ್ನು ಅವನು ಹೊಸ್ತಿಲಲ್ಲೇ ಇಳಿಸಿ ಬರಬೇಕು.

ಅತಿಥಿಯ ಕಣ್ಣು

ಎಲ್ಲ ಅತಿಥಿಗಳೂ ಈ ವಿನಯದಿಂದ ಬಂದವರಲ್ಲ. ವೈದ್ಯ ನೀನಾ ರೊದ್ರಿಗೆಸ್ 19ನೇ ಶತಮಾನದ ಕೊನೆಯಲ್ಲಿ ಬಾಹಿಯಾದ ಆಫ್ರಿಕನ್ ಆರಾಧನೆಗಳನ್ನು ಮೊದಲಿಗೆ ಕ್ರಮವಾಗಿ ಅಧ್ಯಯನ ಮಾಡಿದವರು. ಅವರು ಗಾಂತುವಾ ತೆರೇರೊದಲ್ಲಿ ಒಗಾನ್ ಪದವಿ ಪಡೆದಿದ್ದರು. ಒಗಾನ್ ಎಂದರೆ ಮನೆಯ ರಕ್ಷಕ, ಪೋಷಕ. ಆದರೂ ಕಪ್ಪು ಜನ ಬುದ್ಧಿಯಲ್ಲಿ ಕೀಳೆಂಬ ತಮ್ಮ ಕಾಲದ ಸಿದ್ಧಾಂತವನ್ನು ಅವರು ಬಿಡಲಿಲ್ಲ. ತಮ್ಮನ್ನು ಕೀಳಾಗಿ ಕಂಡವನಿಗೂ ತೆರೇರೊ ಆಸನ ಕೊಟ್ಟದ್ದು ಅಮಾಯಕತೆಯಿಂದಲ್ಲ. ಪೊಲೀಸರ ಕಾಲದಲ್ಲಿ ಹೆಸರಾಂತ ವ್ಯಕ್ತಿಯೊಬ್ಬ ಮನೆಯ ರಕ್ಷಕನಾದರೆ ದಾಳಿಗೆ ಬರುವವರು ಎರಡು ಸಲ ಯೋಚಿಸುತ್ತಿದ್ದರು. ಆತಿಥ್ಯದಲ್ಲಿ ಜಾಣ್ಮೆಯೂ ಇತ್ತು. ಅತಿಥಿಗೆ ಗೌರವ ಕೊಟ್ಟು ಮನೆ ಅವನ ಹೆಗಲಿಗೆ ಹೊಣೆ ಏರಿಸುತ್ತಿತ್ತು.

1938ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಲ್ಯಾಂಡೆಸ್ ಬಾಹಿಯಾಕ್ಕೆ ಬಂದರು. ತೆರೇರೊಗಳಲ್ಲಿ ಹೆಂಗಸರಿಗಿದ್ದ ಅಧಿಕಾರ ಅವರಿಗೆ ಎದ್ದು ಕಂಡಿತು, 1947ರ ಅವರ ಪುಸ್ತಕದ ತಿರುಳೂ ಅದೇ. ಆ ಪುಸ್ತಕಕ್ಕೂ ಮೊದಲೇ, 1942-43ರಲ್ಲಿ, ಅಮೆರಿಕದ ಇಬ್ಬರು ವಿದ್ವಾಂಸರ ನಡುವೆ ನಡೆದ ವಾದ ಇನ್ನೂ ಹೆಚ್ಚಿನ ಪಾಠ ಕಲಿಸುತ್ತದೆ. ಸಮಾಜಶಾಸ್ತ್ರಜ್ಞ ಫ್ರಾಂಕ್ಲಿನ್ ಫ್ರೇಜಿಯರ್ ಮತ್ತು ಮಾನವಶಾಸ್ತ್ರಜ್ಞ ಮೆಲ್ವಿಲ್ ಹರ್ಸ್ಕೊವಿಟ್ಸ್ ಇಬ್ಬರೂ ಗಾಂತುವಾ ತೆರೇರೊದ ಬಳಗದ ಜನರನ್ನೇ ಮಾತಾಡಿಸಿದ್ದರು. ಬಾಹಿಯಾದ ಕಪ್ಪು ಕುಟುಂಬದ ರಚನೆಗೆ ಗುಲಾಮಗಿರಿಯೂ ಬ್ರೆಜಿಲಿನ ಬದುಕೂ ಕಾರಣ ಎಂದರು ಫ್ರೇಜಿಯರ್. ಅದು ಆಫ್ರಿಕದಿಂದಲೇ ಉಳಿದು ಬಂದದ್ದು ಎಂದರು ಹರ್ಸ್ಕೊವಿಟ್ಸ್. ಒಂದೇ ಮನೆಯ ಬಳಗದಿಂದ ಇಬ್ಬರು ಎರಡು ಉತ್ತರ ಹೊತ್ತು ಹೋದರು. ತನ್ನೂರಿನ ಪ್ರಶ್ನೆಯನ್ನು ಹೊತ್ತು ಬಂದ ಅತಿಥಿಗೆ ಆತಿಥೇಯರ ಬದುಕು ಆ ಪ್ರಶ್ನೆಯ ಆಕಾರದಲ್ಲೇ ಕಾಣುವ ಅಪಾಯ ಸದಾ ಇರುತ್ತದೆ.

ನಂಟರೂ ಪ್ರವಾಸಿಗರೂ

20ನೇ ಶತಮಾನದ ಎರಡನೆಯ ಅರ್ಧದಲ್ಲಿ ಪ್ರವಾಸೋದ್ಯಮ ಬೆಳೆದಂತೆ ಒರಿಷಾಗಳ ಕುಣಿತ ಹೋಟೆಲುಗಳ ಪ್ರದರ್ಶನವಾಯಿತು, ಪೋಸ್ಟರುಗಳ ಚಿತ್ರವಾಯಿತು. 1983ರಲ್ಲಿ ಸಾಲ್ವಡಾರಿನಲ್ಲಿ ಒರಿಷಾ ಪರಂಪರೆಯ ವಿಶ್ವ ಸಮ್ಮೇಳನ ನಡೆದಾಗ ಒಪೊ ಅಫೊಂಜಾದ ತಾಯಿ ಸ್ಟೆಲ್ಲಾ, ಗಾಂತುವಾದ ತಾಯಿ ಮೆನಿನಿನ್ಯಾ ಸೇರಿದಂತೆ ಐವರು ಇಯಾಲೊರಿಷಾಗಳು ಒಂದು ಪ್ರಕಟಣೆಗೆ ಸಹಿ ಹಾಕಿದರು. ಕಾಂದೊಂಬ್ಲೆ ಜಾನಪದ ಕುತೂಹಲವಲ್ಲ, ಪೂರ್ಣ ಧರ್ಮ, ಒರಿಷಾಗಳನ್ನು ಕ್ಯಾಥೊಲಿಕ್ ಸಂತರ ಮರೆಯಲ್ಲಿಡುವ ಕಾಲ ಮುಗಿಯಿತು ಎಂಬುದು ಅದರ ಸಾರ. ಬಾಗಿಲು ಮುಚ್ಚಬೇಕೆಂದು ಅವರು ಹೇಳಲಿಲ್ಲ. ಬಂದವನು ತಾನು ಬಂದದ್ದು ಗುಡಿಗೆ ಎಂದು ತಿಳಿದು ಬರಲಿ ಎಂದರು.

ಬಾಹಿಯಾದ ಕಶೊಯೇರಾ ಪಟ್ಟಣದಲ್ಲಿ ಸಮಸ್ಯೆಗೆ ಇನ್ನೊಂದು ಮುಖವಿದೆ. ಅಲ್ಲಿ ಕಪ್ಪು ಹೆಂಗಸರ ಬೋವಾ ಮೋರ್ತೆ ಭಗಿನಿ ಸಂಘ ಪ್ರತಿ ಆಗಸ್ಟಿನಲ್ಲಿ ಮೇರಿಮಾತೆಯ ಹಬ್ಬ ನಡೆಸುತ್ತದೆ. ಸಂಘದ ಹೆಂಗಸರು ಕ್ಯಾಥೊಲಿಕರು, ಕಾಂದೊಂಬ್ಲೆಗೂ ಸೇರಿದವರು. 1970ರ ದಶಕದಿಂದೀಚೆಗೆ ಅಮೆರಿಕದ ಕಪ್ಪು ಜನ ಈ ಹಬ್ಬಕ್ಕೆ ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ತಮ್ಮ ನಾಡಿನಲ್ಲಿ ಕಳೆದುಹೋದ ಆಫ್ರಿಕವನ್ನು ಇಲ್ಲಿ ಕಾಣಬೇಕೆಂಬ ಹಂಬಲ ಅವರದು. ಅವರು ನೋವಿನಲ್ಲಿ ನಂಟರು, ಹಣ ಮತ್ತು ಪಾಸ್‌ಪೋರ್ಟಿನಲ್ಲಿ ಪರದೇಶಿಗಳು. ಕಶೊಯೇರಾದ ಹಿರಿಯ ಹೆಂಗಸರು ಅವರನ್ನು ಪ್ರೀತಿಯಿಂದ ಬರಮಾಡಿಕೊಂಡಿದ್ದಾರೆ. ಆದರೆ ಆ ಹೆಂಗಸರ ಬದುಕು ಯಾರದೋ ಕಳೆದ ಕಾಲದ ವಸ್ತುಸಂಗ್ರಹಾಲಯವಲ್ಲ, ಅದು ಅವರ ಈ ಹೊತ್ತಿನ ಬದುಕು. ವಂಶದ ನಂಟು ಇದ್ದರೂ ಅದು ಗೌರವಕ್ಕೆ ಬದಲಿಯಾಗದು.

ಎಂದೂ ಬಾರದ ಅತಿಥಿಯನ್ನೂ ಬಾಹಿಯಾ ಸ್ವಾಗತಿಸಿದೆ. ಗಾಂಧೀಜಿಯ ಹತ್ಯೆಯಾದ ಮರುವರ್ಷ, 1949ರಲ್ಲಿ, ಸಾಲ್ವಡಾರ್ ಬಂದರಿನ ಹಮಾಲರು ಕಾರ್ನಿವಲ್ ಮೆರವಣಿಗೆಗಾಗಿ ಒಂದು ತಂಡ ಕಟ್ಟಿ ಅದಕ್ಕೆ ಗಾಂಧಿಯ ಮಕ್ಕಳು ಎಂಬರ್ಥದ ಹೆಸರಿಟ್ಟರು. ಬಿಳಿ ನಿಲುವಂಗಿ, ಟವೆಲಿನಿಂದ ಮಾಡಿದ ಬಿಳಿ ಪೇಟ, ನೀಲಿ-ಬಿಳಿ ಮಣಿಸರ ತೊಟ್ಟು ಸಾವಿರಾರು ಗಂಡಸರು ಇಂದಿಗೂ ಕಾಂದೊಂಬ್ಲೆಯ ತಾಳಕ್ಕೆ ಹೆಜ್ಜೆ ಹಾಕುತ್ತಾರೆ. ಬಿಳಿ ಬಣ್ಣ ಓಶಾಲಾನದು, ಶಾಂತಿಯೂ ಅವನದೇ. ಭಾರತದ ಮುದುಕರೊಬ್ಬರ ಅಹಿಂಸೆಯಲ್ಲಿ ಬಂದರಿನ ಕಪ್ಪು ಕೂಲಿಗಳು ತಮ್ಮ ದೇವತೆಯ ಗುಣವನ್ನು ಗುರುತಿಸಿದರು. ಪರಕೀಯವಾದದ್ದನ್ನು ತಮ್ಮ ಶ್ರದ್ಧೆಯ ಮೂಲಕವೇ ಬರಮಾಡಿಕೊಳ್ಳುವ ಕಾಂದೊಂಬ್ಲೆಯ ರೀತಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭೇಟಿಯ ಹಕ್ಕು, ಸೇರುವ ಹೊಣೆ

ಇಮಾನ್ಯುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡು ಹಕ್ಕುಗಳನ್ನು ಬೇರ್ಪಡಿಸಿದ. ಭೂಮಿ ಎಲ್ಲರಿಗೂ ಸೇರಿದ್ದರಿಂದ ಪರದೇಶಿಗೆ ಭೇಟಿಯ ಹಕ್ಕಿದೆ, ಶಾಂತಿಯಿಂದ ಬಂದವನನ್ನು ಶತ್ರುವಿನಂತೆ ಕಾಣಬಾರದು. ಆದರೆ ಮನೆಯವನಂತೆ ಉಳಿಯುವ ಹಕ್ಕು ತಾನಾಗಿ ಬರುವುದಿಲ್ಲ, ಅದಕ್ಕೆ ಆತಿಥೇಯರ ವಿಶೇಷ ಒಪ್ಪಂದ ಬೇಕು. ಭೇಟಿ ಎಂದರೆ ಗೆಲುವು ಎಂದೇ ತಿಳಿದ ಯುರೋಪಿನ ರಾಜ್ಯಗಳನ್ನು ಕಾಂಟ್ ಅಲ್ಲೇ ಖಂಡಿಸಿದ. ಬಾಹಿಯಾದ ಮಟ್ಟಿಗೆ ಇದು ಬರೀ ತರ್ಕವಲ್ಲ. 1500ರ ಏಪ್ರಿಲಿನಲ್ಲಿ ಪೋರ್ಚುಗೀಸ್ ನಾವಿಕ ಕಬ್ರಾಲ್‌ನ ಹಡಗುಗಳು ಇದೇ ಕರಾವಳಿಗೆ ಬಂದು, ಮೂಲನಿವಾಸಿಗಳೊಂದಿಗೆ ಉಡುಗೊರೆ ವಿನಿಮಯ ಮಾಡಿಕೊಂಡು, ಕಲ್ಲಿಕೋಟೆಯತ್ತ ಹೋದವು. ಆ ಭೇಟಿಯ ಹಿಂದೆಯೇ ವಸಾಹತು ಬಂತು, ಗುಲಾಮಗಿರಿ ಬಂತು. ಅತಿಥಿಯಾಗಿ ಬಂದವನು ಒಡೆಯನಾದ ನಾಡು ಅದು.

ಅಂಥ ನಾಡಿನಲ್ಲಿ, ಆ ಒಡೆತನದ ಕೆಳಗೆ ನಲುಗಿದ ಜನ ಕಟ್ಟಿದ ಮನೆಗಳು ಮತ್ತೆ ಅತಿಥಿಗೆ ಬಾಗಿಲು ತೆರೆದವು. ತೆರೆಯುವಾಗ ಮೂರು ಹಂತ ಇಟ್ಟವು. ನಡುಮನೆಯಲ್ಲಿ ಕೂತು ಉಣ್ಣುವುದು ಯಾರಿಗೂ ಸಲ್ಲುವ ಹಕ್ಕು. ಒಗಾನನಂತೆ ರಕ್ಷಣೆಯ ಹೊಣೆ ಹೊರುವುದು ಮನೆಯವರು ಕೊಡುವ ಗೌರವ. ದೀಕ್ಷೆ ಪಡೆದು ದೇವರ ಮಗುವಾಗುವುದು ಕಾಲ, ಸೇವೆ, ವಿಧೇಯತೆಗಳಿಂದ ಗಳಿಸಬೇಕಾದ ನಂಟು. ಕಾಂಟ್ ಹೇಳದೆ ಬಿಟ್ಟದ್ದು ಈ ಮೂರನೆಯದು. ಅತಿಥಿ ಬದಲಾಗದೆ ಇರುವವರೆಗೆ ಅತಿಥಿಯೇ. ಅವನು ಬದಲಾಗಲು ಒಪ್ಪಿದರೆ ಜನ್ಮ, ಬಣ್ಣ, ದೇಶ ಯಾವುದೂ ಅಡ್ಡಬಾರದು.

ಇಷ್ಟು ಉದಾರವಾದ ಮನೆಗೆ ತನ್ನ ದೇಶದಲ್ಲೇ ಅದೇ ಉದಾರತೆ ಸಿಕ್ಕಿಲ್ಲ ಎಂಬುದು ನೋವಿನ ಸಂಗತಿ. ಪ್ರತಿ ಜನವರಿಯಲ್ಲಿ ಬಿಳಿಯುಡುಗೆಯ ಹೆಂಗಸರು ಸುಗಂಧದ ನೀರು ಹೊತ್ತು ಸುಮಾರು ಎಂಟು ಕಿಲೋಮೀಟರ್ ನಡೆದು ಬೊನ್‌ಫಿಂ ಚರ್ಚಿನ ಮೆಟ್ಟಿಲು ತೊಳೆಯುತ್ತಾರೆ. ಒಳಗೆ ತೊಳೆಯುವುದನ್ನು ಚರ್ಚಿನ ಅಧಿಕಾರಿಗಳು 19ನೇ ಶತಮಾನದ ಕೊನೆಯಲ್ಲೇ ನಿಷೇಧಿಸಿದ್ದರು. ಈಚಿನ ದಶಕಗಳಲ್ಲಿ ಕೆಲವು ಹೊಸ ಕ್ರೈಸ್ತ ಪಂಗಡಗಳಿಂದ ತೆರೇರೊಗಳ ಮೇಲೆ ದಾಳಿಗಳಾಗಿವೆ. ಪಂಗಡವೊಂದರ ಪತ್ರಿಕೆಯ ನಿಂದೆಗೂ ಹಲ್ಲೆಗೂ ಗುರಿಯಾಗಿ 2000ದ ಜನವರಿ 21ರಂದು ತೀರಿಕೊಂಡ ಸಾಲ್ವಡಾರಿನ ತಾಯಿ ಜಿಲ್ಡಾ ಅವರ ನೆನಪಿಗೆ, 2007ರ ಕಾನೂನು ಆ ದಿನವನ್ನು ಧಾರ್ಮಿಕ ಅಸಹಿಷ್ಣುತೆಯ ವಿರುದ್ಧದ ರಾಷ್ಟ್ರೀಯ ದಿನವೆಂದು ಸಾರಿತು. ಅದಕ್ಕೂ ಮೊದಲೇ, 1984ರಲ್ಲಿ, ಕಾಝಾ ಬ್ರಾಂಕಾ ತೆರೇರೊವನ್ನು ರಾಷ್ಟ್ರೀಯ ಪರಂಪರೆಯೆಂದು ರಕ್ಷಿಸುವ ನಿರ್ಧಾರವಾಗಿತ್ತು. ಅಂಥ ಮನ್ನಣೆ ಒಂದು ತೆರೇರೊಗೆ ಸಿಕ್ಕಿದ್ದು ಅದೇ ಮೊದಲು.

ಆತಿಥ್ಯ ಎಂದರೆ ಎಲ್ಲವನ್ನೂ ತೆರೆದಿಡುವುದು ಎಂಬ ಎಣಿಕೆ ತಪ್ಪೆಂದು ಕಾಂದೊಂಬ್ಲೆ ತೋರಿಸುತ್ತದೆ. ತನ್ನದೆಂಬುದೇ ಇಲ್ಲದ ಮನೆ ಅತಿಥಿಗೆ ಕೊಡಬಲ್ಲದ್ದೇನೂ ಇರುವುದಿಲ್ಲ. ಒಳಗೆ ಕಾಯ್ದುಕೊಂಡ ಕೋಣೆ ಇರುವುದರಿಂದಲೇ ನಡುಮನೆಯ ಅನ್ನಕ್ಕೆ ಅರ್ಥ ಬರುತ್ತದೆ. ಹಾಗೆಯೇ ನೆನಪನ್ನು ರಕ್ತಕ್ಕೆ ಕಟ್ಟಿಹಾಕದೆ ಸೇವೆಗೆ ಒಪ್ಪಿಸಿದ್ದರಿಂದ ಪೂರ್ವಜರ ಧರ್ಮ ಪರದೇಶದವರಿಗೂ ದಕ್ಕುತ್ತದೆ, ಪೂರ್ವಜರದಾಗಿಯೂ ಉಳಿಯುತ್ತದೆ. ಎಲ್ಲವನ್ನೂ ಕಳೆದುಕೊಂಡ ಜನ ಕಂಡುಕೊಂಡ ಈ ಉತ್ತರ, ಅತಿಥಿಗೂ ತನ್ನತನಕ್ಕೂ ನಡುವೆ ಒಂದನ್ನೇ ಆರಿಸಬೇಕೆಂದು ಭಯಪಡುವ ಎಲ್ಲ ಸಮಾಜಗಳಿಗೂ ಸಲ್ಲುತ್ತದೆ.